ಹಗ್ಗದ ಕೆಳತುದಿ

ಶಿರಸಿ ಬಸ್ ನಿಲ್ದಾಣದಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಪುಸ್ತಕ ಹಿಡಿದ ಹುಡುಗಿ, ಅವಳ ಆಚೆ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡ, ಅಡಿಕೆ ಗೊನೆ ಕೊಯ್ಯುವ ಕೊನೆಗೌಡ. ಇಬ್ಬರೂ ಒಬ್ಬರಿಗೊಬ್ಬರು ಪರಿಚಯದವರೇ ಇರಬೇಕು.

“ಎಂತ ಓದೂದು ತಂಗೀ?”

“ತಾವೋ ಅಂತ, ಚೀನಾದವರ ಹಳೇ ವಿಚಾರ, ಕೆರಿಯಣ್ಣ. ಕೆಲಸದ ಚಿಂತೇಲಿ ನಿದ್ದೆನೇ ಬರೂದಿಲ್ಲ. ಗೆಳತಿ ಓದು ಅಂತ ಕೊಟ್ಲು.”

“ಎಂತ ಹೇಳ್ತದೆ?”

“ಜಗ್ಗಾಡಬೇಡ ಅಂತದೆ. ನಾವು ಎಂತ ಮಾಡದೇ ಇದ್ರೂ ಆಗೂದು ಆಗ್ತದಂತೆ.”

ಅವನು ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡ.

“ಹೌದು. ಆಗ್ತದೆ.”

“ನಿಮಗೆ ಹೆಂಗೆ ಗೊತ್ತು?”

“ಮರದ ಮೇಲಿಂದ ನಾನು ಕೊನೆ ಹಗ್ಗದಲ್ಲಿ ಜಾರಿಸ್ತೆ ಅಲ್ಲ, ಕೆಳಗೆ ತುದಿ ಹಿಡೀತಿದ್ದವ ನಮ್ಮ ತಮ್ಮ. ಬಿಗಿ ಹಿಡಿದ್ರೆ ಅಡಿಕೆ ಉದುರ್ತದೆ, ಸಡಿಲ ಬಿಟ್ರೆ ಕೊನೆ ನಡುವೇ ನಿಲ್ತದೆ. ಅವ ಹಿಡಿದ್ರೆ ಉದುರ್ತಿರ್ಲಿಲ್ಲ, ನಿಲ್ತಾನೂ ಇರ್ಲಿಲ್ಲ.”

“ಉಲ್ಲಾಸಣ್ಣ ತೀರಿಹೋಗಿ ವರ್ಷ ಆಯ್ತಲ್ಲ. ಈಗ ಯಾರು ಹಿಡೀತಾರೆ?”

“ಯಾರೂ ಇಲ್ಲ. ಪಕ್ಕದ ಮರದ ಬುಡಕ್ಕೆ ಕಟ್ತೆ.”

“ಉದುರೂದಿಲ್ವಾ?”

“ಒಂದೂ ಇಲ್ಲ. ಕೊನೆ ನೆಲ ಮುಟ್ಟೂ ಹೊತ್ತಿಗೆ ಹಗ್ಗ ತಾನಾಗೇ ಸಡಿಲಾಗ್ತದೆ, ಅವ ಬಿಡ್ತಿದ್ದ ಹಾಗೇ. ಇಳಿದು ನೋಡಿದ್ರೆ ಗಂಟು ಬಿಗಿನೇ ಇರ್ತದೆ.”

ಅವಳು ಪುಸ್ತಕ ಮುಚ್ಚಿದಳು.

“ಸತ್ತವ ಎಂತದೂ ಮಾಡೂದಿಲ್ಲ ಅಲ್ಲ ತಂಗೀ. ಆದ್ರೂ ಆಗ್ತದೆ. ಅದು ನಿನ್ನ ಪುಸ್ತಕದಲ್ಲಿ ಬರ್ದಿದ್ಯಾ?”

ಸಿದ್ದಾಪುರದ ಬಸ್ ಬಂತು. ಅವನು ಎದ್ದಾಗ ಸುರುಳಿಯಿಂದ ಹಗ್ಗದ ತುದಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡಲು ಬಾಗಿದ ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ನಾನೂ ಮುಟ್ಟಲಿಲ್ಲ.