ಅಂಬರೀಶ ತರಿಸಿದ ಕಾರಿನ ಬಾಗ್ಲು

ನಗೋರು ಈಗ್ಲೇ ಎದ್ದು ಹೋಗಿ. ಇದು ನಮ್ಮಕ್ಕ ಶ್ಯಾಮಲಮ್ಮಂಗೆ ಆಗಿದ್ದು, ಸಾದಲಿ ಊರಲ್ಲಿ.

ಅವರ ಓಣಿಯೊಳಗೆ ಕಾರು ಹೋಗಲ್ಲ. ಒಂದ್ ರಾತ್ರಿ ಆಲದಮರದ ಕೆಳಗೆ ನಿಲ್ಸಿ, ಅಕ್ಕನ ಕೈ ಹಿಡ್ಕೊಂಡು ಅವಳ ಮಗ ಅಂಬರೀಶ ಬಾವಿ ಪಕ್ಕ ನಿಧಾನಕ್ಕೆ ನಡೆಸ್ಕೊಂಡ್ ಬರ್ತಿದ್ದ. ಊರೆಲ್ಲಾ ಮಲಗಿತ್ತು. ಚಿಕ್ಕಬಳ್ಳಾಪುರದಲ್ಲಿ ಡಯಾಲಿಸಿಸ್ ಮುಗಿಸ್ಕೊಂಡು ಬರೋಷ್ಟರಲ್ಲಿ ಇಬ್ರೂ ಹೈರಾಣ. ವಾರಕ್ಕೆ ಮೂರು ಸಲ ಇದೇ ಗೋಳು. "ಸಾಕು ಕಣಪ್ಪ, ಇನ್ಮೇಲೆ ನಾ ಬರಲ್ಲ" ಅಂತ ಅಕ್ಕ ಆಗ್ಲೇ ಹಟ ಹಿಡಿದಿದ್ಲು. ಹೋಗ್ದಿದ್ರೆ ಏನಾಗುತ್ತೆ ಅಂತ ಎಲ್ರಿಗೂ ಗೊತ್ತಿತ್ತು.

ಹಿಂದೆ... ಟಕ್.

ಆಮೇಲೆ... ದಬ್.

ಕಾರಿನ ಬಾಗ್ಲು!

"ಲಾಕ್ ಮಾಡಿದ್ನಲ್ಲಮ್ಮಾ..."

"ಶ್... ತಿರುಗಬೇಡ. ಅವಳು ಇಳ್ಕೊಂಡ್ಲು."

"ಯಾರು?"

"ನಂಗೇನ್ ಗೊತ್ತು? ದಾರಿ ಉದ್ದಕ್ಕೂ ನಾ ಅವಳ ತೊಡೆ ಮೇಲೇ ಮಲ್ಗಿದ್ನಲ್ಲ..."

ಹಿಂದಿನ ಸೀಟಲ್ಲಿ ಅಕ್ಕ ಒಬ್ಳೇ ಇದ್ದಿದ್ದು.

ಆ ಹಿಂದಿನ ಬಾಗ್ಲು ಅವತ್ತು ತಾನೇ ಹಾಕ್ಸಿದ್ದು. ಮೊದಲಿದ್ದದ್ದನ್ನ ಟ್ರ್ಯಾಕ್ಟರ್ ಗುದ್ದಿ ನುಜ್ಜುಗುಜ್ಜು ಮಾಡಿತ್ತು. ಕಂಪ್ನಿಯೋರು ಆ ಮಾಡೆಲ್ಲೇ ನಿಲ್ಸಿದ್ದಾರಂತೆ, ಹೊಸದು ಸಿಗಲ್ಲ. ಡಯಾಲಿಸಿಸ್ ಕಾಯುತ್ತಾ? ಅಂಬರೀಶ ಫೋನಲ್ಲೇ ಹುಡುಕಿ, ಯಾವುದೋ ಗುಜರಿ ಗಾಡಿಯಿಂದ ಬಿಚ್ಚಿದ್ದನ್ನ ಆನ್‌ಲೈನಲ್ಲಿ ತರಿಸ್ದ. ಬಿಳಿ ಕಾರಿಗೆ ಕೆಂಪು ಬಾಗ್ಲು! ಶಿಡ್ಲಘಟ್ಟದ ಗ್ಯಾರೇಜಲ್ಲಿ ಕೂರಿಸ್ಕೊಟ್ರು.

ಬೆಳಿಗ್ಗೆ ಮಾರಿದೋನಿಗೆ ಫೋನ್ ಮಾಡಿ ಬೈದ. "ಬಾಗ್ಲಿಗೆ ಒಂದ್ ಗೀರೂ ಆಗಿಲ್ಲ ಸಾರ್, ಆಕ್ಸಿಡೆಂಟಲ್ಲಿ ಗಾಡಿ ಮುಂದ್ಗಡೆ ಮಾತ್ರ ಹೋಗಿತ್ತು" ಅಂದ್ನಂತೆ ಆ ಪುಣ್ಯಾತ್ಮ. ಅಂಬರೀಶ ಸ್ಪ್ಯಾನರ್ ಎತ್ಕೊಂಡು ಬಾಗ್ಲು ಬಿಚ್ಚಕ್ಕೆ ಹೊರಟ.

"ಬೇಡ ಕಣಪ್ಪ, ಬಿಚ್ಚಬೇಡ" ಅಂದ್ಲು ಅಕ್ಕ. "ಅದಿದ್ರೆ ಆಸ್ಪತ್ರೆಗೆ ಬರ್ತೀನಿ. ತೆಗೆದ್ಯೋ, ನಾ ಬರಲ್ಲ."

ಏನ್ ಮಾಡ್ತಾನೆ ಪಾಪ? ದೆವ್ವಕ್ಕಿಂತ ಅವನಿಗೆ ಅಮ್ಮ ಬರಲ್ಲ ಅಂದಿದ್ದೇ ಹೆಚ್ಚು ಭಯ. ಸ್ಪ್ಯಾನರ್ ಕೆಳಗಿಟ್ಟ. ಈಗ್ಲೂ ಅದೇ ಬಾಗ್ಲು, ಅದೇ ದಾರಿ. ಹಿಂದಿನ ಸೀಟು ಕಾಣದ ಹಾಗೆ ಒಳಗಿನ ಕನ್ನಡೀನ ಮೇಲಕ್ಕೆ ತಿರುಗಿಸಿಟ್ಟು ಓಡಿಸ್ತಾನೆ.

ಹೋದ ವಾರ ನಾನೂ ಅವರ ಮನೇಲೇ ಇದ್ದೆ. ಹೊರಡೋವಾಗ ಅಕ್ಕನ ತಲೆ ಬಾಚಿ ತುರುಬು ಕಟ್ಟಿದ್ದು ನಾನೇ. ವಾಪಸ್ ಬಂದು ಇಳಿದ್ಲು ನೋಡಿ... ಎರಡು ಜಡೆ. ಮೇಲಕ್ಕೆ ಮಡಚಿ, ನೀಲಿ ಟೇಪು ಕಟ್ಟಿ, ಸ್ಕೂಲಿಗೆ ಹೋಗೋ ಮಗೂಗೆ ಹಾಕೋ ಹಾಗೆ. ಎಪ್ಪತ್ತರ ಹತ್ರದ ಹೆಂಗಸಿಗೆ!

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಗಂಟು ಬಿಗಿಯಾಗಿತ್ತು... ಈ ಕೈಯಲ್ಲೇ ಬಿಚ್ಚಿದೆ.