ಲೈಬ್ರರಿಯಲ್ಲಿ ಮಧ್ಯಾಹ್ನದ ನಿದ್ದೆ

ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತಿದ್ದೆ. ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮುಂದೆ ನಿಂತಿದ್ದ ಟೈಲರಮ್ಮ, ಇಸ್ತ್ರಿ ಅಂಗಡಿಯವರಿಗೆ ಹೇಳುತ್ತಿದ್ದರು.

“ನಾಳೆ ಹತ್ತಕ್ಕೆ ಪುರಸಭೆ ಮೀಟಿಂಗು. ಅನುದಾನ ಕೊಡದಿದ್ರೆ ಲೈಬ್ರರಿಗೆ ಬೀಗ. ಆಟೋದವರು, ಹೂವಿನವರು ಎಲ್ಲಾ ಬರ್ತಿದಾರೆ. ನೀವೂ ಬನ್ನಿ ಅಣ್ಣಾ.”

“ನಂಗೆ ಓದೋಕೇ ಬರಲ್ಲ ತಾಯಿ. ಮಧ್ಯಾಹ್ನ ಅಲ್ಲಿ ನಿದ್ದೆ ಮಾಡ್ತೀನಷ್ಟೆ.”

“ಗೊತ್ತು ಬಿಡಿ, ಗೊರಕೆ ನಮ್ಮಂಗಡಿಗೂ ಕೇಳತ್ತೆ!”

“ಮಕ್ಕಳು ಜೋರಾಗಿ ಕಥೆ ಓದ್ತಿರ್ತಾರೆ. ಕಣ್ಣು ಮುಚ್ಚಿದ್ರೆ ನಾನೂ ಆ ಕಥೇಲಿರೋ ದೋಣೀಲಿ ಹೋಗ್ತಿರ್ತೀನಿ. ದಡ ಕಾಣೋಷ್ಟರಲ್ಲಿ ಅಂಗಡಿ ತೆಗೆಯೋ ಹೊತ್ತಾಗತ್ತೆ.”

“ಅದನ್ನೇ ಅಲ್ಲಿ ಹೇಳಿ.”

“ನಿದ್ದೆ ಮಾಡ್ತೀನಿ ಅಂತಾನಾ?”

“ದೋಣಿ ವಿಷಯ ಅಣ್ಣಾ.”

ಇಸ್ತ್ರಿಯವರು ಬೆಚ್ಚಗಿನ ಹಿಟ್ಟಿನ ಚೀಲವನ್ನು ಎದೆಗಪ್ಪಿಕೊಂಡು ಮೆಟ್ಟಿಲಿಳಿದರು.

“ಇಸ್ತ್ರಿಯವರು ಹನ್ನೊಂದು ಜನ ಇದೀವಿ. ನಾಳೆ ಒಂದಿನ ನಮ್ಮಂಗಿಗೂ ಇಸ್ತ್ರಿ ಹಾಕ್ಕೊಂಡು ಬರ್ತೀವಿ.”