ಪಕ್ಕದವನ ಕಾಲು ಸುತ್ತು

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರೇ, ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರೇ, ಅವರ ಪಕ್ಕದಲ್ಲಿರುವ ಮಗಳೇ — ಎಲ್ಲರಿಗೂ ನಮಸ್ಕಾರ.

ಇಪ್ಪತ್ತೊಂದು ವರ್ಷ, ನಮ್ಮನ್ನಗಲಿದ ಈ ಗೆಳೆಯನ ಪ್ರಯೋಗಾಲಯಕ್ಕೂ ನನ್ನದಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಅವನ ಬಗ್ಗೆ ಎಲ್ಲರೂ ಒಳ್ಳೆಯ ಮಾತು ಆಡಿದಿರಿ. ನಾನು ನಿಜ ಹೇಳಿಬಿಡುತ್ತೇನೆ — ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚು.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಅಣು ಏಕಕಾಲಕ್ಕೆ ಎರಡು ದಾರಿಯಲ್ಲಿ ಹೋಗಬಲ್ಲದು — ನಗಬೇಡಿ, ಎರಡರಲ್ಲೂ! ಹಾಗೆ ಹೋದಾಗ ಪಟ್ಟೆ ಪಟ್ಟೆಯಾಗಿ ಗುರುತು ಮೂಡುತ್ತದೆ. ದಾರಿಯಲ್ಲಿ ಗಾಳಿಯ ಕಣವೊಂದು ತಾಗಿದರೆ ಸಾಕು, ಯಾವ ದಾರಿ ಎಂಬ ಸುಳಿವು ಹೊರಗೆ ಹೋಗಿಬಿಡುತ್ತದೆ. ಪಟ್ಟೆ ಅಳಿಸಿಹೋಗುತ್ತದೆ. ಆಮೇಲೆ ಅದೂ ಈ ಮೇಜಿನ ಹಾಗೆ, ಒಂದೇ ಕಡೆ ಇರುವ ವಸ್ತು.

ನನ್ನ ಪಟ್ಟೆಗಳು ಯಾವಾಗಲೂ ಮಸುಕು. ಅವನವು — ಬಾಚಣಿಗೆಯ ಹಲ್ಲಿನಂತೆ! ನಾನು ಒಳಗೆ ಕಾಲಿಟ್ಟರೆ, "ಉಸಿರು ಮೆಲ್ಲಗೆ ಬಿಡಯ್ಯಾ" ಅಂತ ಗದರುತ್ತಿದ್ದ.

ಒಳಗಿನ ಗಾಳಿಯನ್ನೆಲ್ಲ ಹೊರತೆಗೆದ ಅವನ ಉಪಕರಣಕ್ಕೆ ಮತ್ತೆ ಗಾಳಿ ಬಿಡುವ ಸಣ್ಣ ವಾಲ್ವ್ ಗೋಡೆಯ ನನ್ನ ಕಡೆ ಇತ್ತು. ಒಂದು ಮಧ್ಯಾಹ್ನ — ಅತ್ತಿಗೆ, ಕ್ಷಮಿಸಿ — ಈ ಕೈಯಿಂದಲೇ, ಹೀಗೆ, ಕಾಲು ಸುತ್ತು ತಿರುಗಿಸಿದೆ. ಅವನ ಪಟ್ಟೆ ಮಸುಕಾಯಿತು. ಅವತ್ತು ನನಗೆ ಊಟ ರುಚಿಸಿತು. ಮರುದಿನ ಅರ್ಧ ಸುತ್ತು. ಹೀಗೆ ಒಂದು ತಿಂಗಳು.

ಅವನು ಎಂದಿನಂತೆ ದಿನವೂ ಅಳತೆ ಬರೆದುಕೊಳ್ಳುತ್ತಿದ್ದ. ಆರು ತಿಂಗಳಿಗೆ ಅವನ ಪ್ರಬಂಧ ಬಂತು — ಗಾಳಿ ಎಷ್ಟು ಹೆಚ್ಚಿದರೆ ಪಟ್ಟೆ ಎಷ್ಟು ಮಾಸುತ್ತದೆ, ಆ ಎರಡು ದಾರಿಯ ಕ್ವಾಂಟಮ್ ಲೋಕ ಹೇಗೆ ಮೆಲ್ಲಮೆಲ್ಲನೆ ನಮ್ಮ ದಿನನಿತ್ಯದ ಲೋಕವಾಗುತ್ತದೆ, ಅಳತೆ ಸಮೇತ! ಅವನಿಗೆ ಹೆಸರು ತಂದದ್ದೇ ಅದು. ಎಲ್ಲೋ ಸೋರಿಕೆಯೆಂದು ಅವನು ನಂಬಿದ್ದಾನೆ ಅಂದುಕೊಂಡೆ. ಸನ್ಮಾನದ ದಿನ ಚಪ್ಪಾಳೆ ತಟ್ಟಿದೆ, ಒಳಗೊಳಗೇ ಉರಿಯುತ್ತಾ.

ಮೊನ್ನೆ ಅತ್ತಿಗೆ ಅವನ ಹಳೆಯ ನೋಟ್‌ಬುಕ್ ನನ್ನ ಕೈಗಿಟ್ಟರು. ಆ ತಿಂಗಳ ಪುಟಗಳು — "ಇವತ್ತು ಪಕ್ಕದವನು ಕಾಲು ಸುತ್ತು ತಿರುಗಿಸಿದ್ದಾನೆ. ಇವತ್ತು ಅರ್ಧ. ಇವತ್ತು ತಿರುಗಿಸಿಲ್ಲ. ಹುಷಾರಿಲ್ಲವೇನೋ, ವಿಚಾರಿಸಬೇಕು."

ಅವತ್ತು ನನಗೆ ಜ್ವರ. ಸಂಜೆ ಹಣ್ಣು ಹಿಡಿದುಕೊಂಡು ಮನೆಗೆ ಬಂದಿದ್ದ.

ಈಗಲೂ ಹೊಟ್ಟೆ ಉರಿಯುತ್ತದೆ, ಸ್ವಾಮಿ. ಒಂದು ಸಲ ಬೈದಿದ್ದರೆ ಸಮಸಮ ಆಗುತ್ತಿದ್ದೆವು. ಅದಕ್ಕೂ ಬಿಡಲಿಲ್ಲ — ಅಲ್ಲೂ ಅವನೇ ಮುಂದೆ.

ಇಲ್ಲಿಗೆ ಬರುವ ಮುನ್ನ ಆ ವಾಲ್ವ್ ಗಟ್ಟಿಯಾಗಿ ಮುಚ್ಚಿ ಬಂದಿದ್ದೇನೆ. ಯಾರೂ ಅಲುಗಾಡದ ಒಂದು ನಿಮಿಷ — ನಮ್ಮಿಂದ ಅವನು ಕೇಳುತ್ತಿದ್ದದ್ದು ಅಷ್ಟೇ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅದನ್ನು ಅವನಿಗೆ ಕೊಡೋಣ.

ನಾನೂ ಉಸಿರು ಮೆಲ್ಲಗೆ ಬಿಡುತ್ತೇನೆ.